ನಾಲ್ಕರಿಂದ ಎರಡಕ್ಕೆ

ಡಾರ್ಸಿಯ ಗಾಡಿಯ ಕ್ಲಚ್ಚನ್ನು ಅವಳ ಅತ್ತೆ ಲುಶಾ ಪೆರೆಪೋಲ್ಕಿನಳ ಹೊರತು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಸೊಸೆಯ ಹಿಮಗಾಡಿಗೆ ಅತ್ತೆ ಮೆಕ್ಯಾನಿಕ್ಕು ಎಂದು ನಮ್ಮ ಕೂಟ್ನಿ ಕಣಿವೆಯಲ್ಲಿ ಮೊದಮೊದಲು ನಕ್ಕವರೇ ಆಮೇಲೆ ತಮ್ಮ ಗಾಡಿಗಳನ್ನೂ ಟ್ರೈಲರಿನ ಮೇಲೆ ಹೇರಿಕೊಂಡು ಬಂದು ಅವಳ ಶೆಡ್ಡಿನ ಮುಂದೆ ಕಾಯುತ್ತಿದ್ದರು. ಲುಶಾ ಇಪ್ಪತ್ತೆರಡು ವರ್ಷ ಮರದ ಮಿಲ್ಲಿನಲ್ಲಿ ಬೆಲ್ಟುಗಳನ್ನು ನೋಡಿಕೊಳ್ಳುತ್ತಿದ್ದವಳು. ಮಿಲ್ಲು ಮುಚ್ಚಿತು, ಕಿವಿ ಉಳಿಯಿತು. ಬೆಲ್ಟು ಹರಿಯುವುದಕ್ಕೆ ಎರಡು ದಿನ ಮೊದಲೇ ಅದರ ಸದ್ದು ಕೇಳಿ, "ಇದು ಇನ್ನು ಬಾಳಲ್ಲ, ಬಿಚ್ಚು" ಎಂದುಬಿಡುತ್ತಿದ್ದಳು.

ಬೆಟ್ಟ ಹತ್ತುವ ಈ ಗಾಡಿಗೆ ಗೇರು ಎಂಬುದಿಲ್ಲ. ಎಂಜಿನ್ನಿಗೊಂದು ರಾಟೆ, ಹಿಮ ಕಚ್ಚುವ ಪಟ್ಟಿಯನ್ನು ಓಡಿಸುವುದಕ್ಕೊಂದು ರಾಟೆ, ನಡುವೆ ಒಂದು ರಬ್ಬರ್ ಬೆಲ್ಟು, ಕ್ಲಚ್ಚು ಎಂದರೆ ಅಷ್ಟೇ. ಎಂಜಿನ್ ಜೋರಾದಂತೆ ಮುಂದಿನ ರಾಟೆಯೊಳಗಿನ ಮೂರು ತೋಳುಗಳು ಚಿಮ್ಮಿ, ರಾಟೆಯ ಎರಡು ಕೆನ್ನೆಗಳನ್ನು ಒತ್ತಿ ಬೆಲ್ಟನ್ನು ಮೇಲೆತ್ತುತ್ತವೆ. ತೋಳು ಬೇಗ ಒತ್ತಿದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ತಡವಾಗಿ ಒತ್ತಿದರೆ ಅದು ಬರೀ ಕಿರುಚುತ್ತದೆ. ಇವೆರಡರ ನಡುವಿನ ಜಾಗ ಹುಡುಕುವುದೇ ಲುಶಾಳ ಕೆಲಸ. ಒಂದೊಂದು ತೋಳಿಗೂ ಒಂದೊಂದು ತಿರುಗಣೆ ಇದೆ, ಅದರ ಮೇಲೆ ಒಂದರಿಂದ ಆರರವರೆಗೆ ಅಂಕಿ. ಅಂಕಿ ಇಳಿದಷ್ಟೂ ಎಂಜಿನ್ನಿನ ಮೇಲೆ ಭಾರ ಬೇಗ ಬೀಳುತ್ತದೆ.

ಡಾರ್ಸಿ ಆ ಚಳಿಗಾಲ ತನ್ನ ಗಾಡಿಗೆ ಟರ್ಬೊ ಕೂರಿಸಿದ್ದಳು. ಪಟ್ಟಿಯನ್ನು ಉದ್ದ ಮಾಡಿಸಿ, ಬೇಡವೆನಿಸಿದ ಕಬ್ಬಿಣವನ್ನೆಲ್ಲ ಕತ್ತರಿಸಿ ಎಸೆದಿದ್ದಳು. ಕಾರ್ಖಾನೆಯಿಂದ ಬಂದ ಕ್ಲಚ್ಚಿನ ಲೆಕ್ಕ ಈ ಎಂಜಿನ್ನಿಗೆ ಸರಿಹೋಗಲಿಲ್ಲ. ಆರು ವಾರ ಅತ್ತೆ ಸೊಸೆ ಇಬ್ಬರೂ ಮನೆ ಹಿಂದಿನ ಮರ ಸಾಗಿಸುವ ರಸ್ತೆಯ ಏರಿನಲ್ಲಿ ಅದನ್ನು ಹದ ಮಾಡಿದರು. ಡಾರ್ಸಿ ಒಂದು ಓಟ ಓಡಿಸಿ ಬರುವುದು, ಲುಶಾ ಮುಚ್ಚಳ ತೆಗೆದು ಬೆಲ್ಟಿನ ಬಿಸಿಯನ್ನು ಅಂಗೈಯಲ್ಲಿ ಮುಟ್ಟಿ ನೋಡುವುದು, ರಾಟೆಯ ಕೆನ್ನೆಗೆ ಎಳೆದಿದ್ದ ಮಸಿಯ ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂದು ಬಗ್ಗಿ ನೋಡುವುದು.

"ಹೆಂಗಿತ್ತು?"

"ನಡುವಲ್ಲಿ ಒಂದು ಸಲ ಕೆಮ್ಮಿತು ಅತ್ತೆ."

"ಕೆಮ್ಮಲ್ಲ ಅದು, ತೇಗು. ಸ್ಪ್ರಿಂಗ್ ಜಾಸ್ತಿ ಆಯ್ತು. ಇಳಿ ಕೆಳಗೆ."

ಹೀಗೆ ಸ್ಪ್ರಿಂಗು ಬದಲಿಸಿ, ತೋಳುಗಳ ತೂಕ ಬದಲಿಸಿ, ಕೊನೆಗೆ ತಿರುಗಣೆ ನಾಲ್ಕರಲ್ಲಿ ನಿಂತಾಗ ಎಂಜಿನ್ ನಿಮಿಷಕ್ಕೆ ಎಂಟು ಸಾವಿರ ಸುತ್ತಿಗೆ ಬಂದು ಅಲ್ಲೇ ಕೂತಿತು. ಏರಿನ ಬುಡದಿಂದ ತುದಿಯವರೆಗೆ ಒಂದೇ ಶ್ರುತಿ. ಡಾರ್ಸಿ ಮೇಲಿನಿಂದ ಕೂಗು ಹಾಕಿದ್ದು ಶೆಡ್ಡಿನವರೆಗೂ ಕೇಳಿಸಿತು. ಲುಶಾಳಿಗೂ ಹಿಗ್ಗಾಯಿತು. ಆ ಹಿಗ್ಗಿನ ಹಿಂದೆಯೇ ಹೆದರಿಕೆಯೂ ಬಂತು. ಈ ಗಾಡಿ ಇನ್ನು ಎಲ್ಲಿಗೆ ಬೇಕಾದರೂ ಹತ್ತುತ್ತದೆ, ಮತ್ತು ಎಲ್ಲಿಗೆ ಹತ್ತಿಸಬೇಕೆಂದು ಸೊಸೆಯ ಮನಸ್ಸಿನಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು.

ಅದನ್ನು ಎಲ್ಲರೂ ಚಿಮಣಿ ಎನ್ನುತ್ತಾರೆ. ಎರಡು ಬಂಡೆಗೋಡೆಗಳ ನಡುವೆ ನೆಟ್ಟಗೆ ಮೇಲೆ ಹೋಗುವ ಹಿಮದ ಕೊರಕಲು. ಕೆಳಗೆ ಅಗಲ, ಮೇಲೆ ಹೋದಂತೆ ಇಕ್ಕಟ್ಟು. ತುದಿಯಲ್ಲಿ ಗಾಳಿ ಕಟ್ಟಿದ ಹಿಮದ ಸೂರು ಹೊರಕ್ಕೆ ಚಾಚಿಕೊಂಡಿರುತ್ತದೆ, ಬಲಗಡೆ ಮಾತ್ರ ಒಂದು ಗಾಡಿ ನುಸುಳುವಷ್ಟು ಸಂದು. ಅದನ್ನು ಹತ್ತಿ ಮುಗಿಸಿದವರು ಇಬ್ಬರೇ. ಡಾರ್ಸಿ ಹಿಂದಿನ ವರ್ಷ ಅರ್ಧಕ್ಕೆ ಹೋಗಿ ತಿರುಗಿ ಬಂದಿದ್ದಳು.

ಅದೇ ವರ್ಷ ಪಕ್ಕದ ಬೆಟ್ಟದಲ್ಲಿ ಹಿಮ ಕುಸಿದು ಒಬ್ಬ ಹೂತುಹೋಗಿದ್ದ. ಹತ್ತಿರದಲ್ಲೇ ಇದ್ದ ಡಾರ್ಸಿ ಹೋಗಿ ಅಗೆದು ತೆಗೆದಳು. ತೆಗೆಯುವ ಹೊತ್ತಿಗೆ ಅವನ ಜೀವ ಹೋಗಿತ್ತು. ಮೂರು ದಿನ ಅವಳು ಮಾತಾಡಲಿಲ್ಲ, ನಾಲ್ಕನೆಯ ದಿನ ಗಾಡಿ ಹತ್ತಿದಳು. ನಿದ್ದೆ ಕೆಟ್ಟದ್ದು ಅವಳ ಗಂಡ ಮಿಕಿಟನಿಗೆ.

ಮಿಕಿಟ ಲುಶಾಳ ಒಬ್ಬನೇ ಮಗ. ಹೊಳೆ ದಾಟಿಸುವ ಫೆರಿಯಲ್ಲಿ ಕೆಲಸ. ದಿನಕ್ಕೆ ನಲವತ್ತು ಸಲ ಈ ದಡದಿಂದ ಆ ದಡಕ್ಕೆ ಹೋಗಿ ಬರುವವನು, ಹಿಮಗಾಡಿಯ ಮೇಲೆ ಕೂತರೆ ತಲೆ ಸುತ್ತುವವನು. ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ತಾಯಿ ಅಂಗಡಿಗೆಂದು ಫೆರಿ ಹತ್ತಿದಾಗ ಅವನು ಅವಳ ಪಿಕಪ್ಪಿನ ಕಿಟಕಿಗೆ ಬಂದು ನಿಂತ.

"ನಾಳೆ ಚಿಮಣಿಗೆ ಹೋಗ್ತಾಳಂತೆ."

"ನನಗೂ ಹೇಳಿದ್ಲು."

"ನೀನು ಹೂಂ ಅಂದ್ಯಾ?"

"ನನ್ನ ಕೇಳ್ಲಿಲ್ಲ ಕಣೋ, ಹೇಳಿದ್ಲು."

ಮಿಕಿಟ ನೀರಿನ ಕಡೆ ನೋಡಿದ. "ಅಮ್ಮಾ, ನಾನು ಬೇಡ ಅಂದ್ರೆ ಜಗಳ. ನೀನು ಬೇಡ ಅಂದ್ರೆ ನಗ್ತಾಳೆ. ಗಾಡಿ ಬೇಡ ಅಂದ್ರೆ ಮಾತ್ರ ಕೇಳ್ತಾಳೆ."

"ಏನು ಹಂಗಂದ್ರೆ?"

"ಏನಿಲ್ಲ. ನಿನ್ನ ಕೈಯಲ್ಲಿದೆ ಅಂದೆ." ಅಷ್ಟರಲ್ಲಿ ದಡ ಬಂತು, ಅವನು ಸರಪಳಿ ತೆಗೆಯಲು ಓಡಿದ.

ಲುಶಾ ಅಂಗಡಿಯಲ್ಲಿ ಎಲೆಕೋಸು ತೆಗೆದುಕೊಳ್ಳುವಾಗ, ಸಬ್ಬಸಿಗೆ ಸೊಪ್ಪು ಆರಿಸುವಾಗ, ಮತ್ತೆ ಹೊಳೆ ದಾಟಿ ಬರುವಾಗ ಇದನ್ನೇ ಮೆಲುಕು ಹಾಕಿದಳು. ಮಾಡಬಾರದು ಎಂದು ಮೂರು ಸಲ ತೀರ್ಮಾನಿಸಿದಳು. ಮಧ್ಯಾಹ್ನ ಡಾರ್ಸಿ ಪೆಟ್ರೋಲ್ ತರಲು ಹೋದಾಗ ಶೆಡ್ಡಿಗೆ ಹೋಗಿ ಗಾಡಿಯ ಪಕ್ಕೆಯ ಮುಚ್ಚಳ ಬಿಚ್ಚಿದಳು.

ಅವಳ ಲೆಕ್ಕ ಇಷ್ಟಿತ್ತು. ಎರಡಕ್ಕೆ ಇಳಿಸಿದರೆ ಎಂಜಿನ್ ಐನೂರು ಸುತ್ತು ಕಳೆದುಕೊಳ್ಳುತ್ತದೆ. ಚಿಮಣಿಯ ಬುಡದ ಮೆತ್ತನೆ ಹಿಮದಲ್ಲೇ ಗಾಡಿ ಮುಗ್ಗರಿಸುತ್ತದೆ. ಅಲ್ಲಿ ಬೇಕಾದಷ್ಟು ಅಗಲವಿದೆ, ಹಾಯಾಗಿ ತಿರುಗಿಸಿಕೊಂಡು ಬಂದು, 'ಇವತ್ತು ಆಗಲಿಲ್ಲ' ಎನ್ನುತ್ತಾಳೆ. ಏಪ್ರಿಲ್ ಬಂದರೆ ಹಿಮ ಕೊಳೆಯುತ್ತದೆ, ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ. ಮೂರೂ ತಿರುಗಣೆಗಳನ್ನು ನಾಲ್ಕರಿಂದ ಎರಡಕ್ಕೆ ತಂದಳು. ಅಂಕಿ ನೋಡುವುದೂ ಬೇಕಾಗಲಿಲ್ಲ. ಆರು ವಾರದಲ್ಲಿ ಅಷ್ಟು ಸಲೀಸಾಗಿತ್ತು ಆ ಕೆಲಸ.

ಡಾರ್ಸಿ ಬಂದಾಗ ಇನ್ನೂ ಪಕ್ಕೆ ತೆಗೆದೇ ಇತ್ತು.

"ಏನು ಅತ್ತೆ, ಮತ್ತೆ ಕೈ ಕೆರೀತಾ?"

"ಸ್ಪ್ರಿಂಗ್ ಬದಲಾಯಿಸಿದೆ. ಹಳೇದು ಕೂತುಬಿಟ್ಟಿತ್ತು." ಲುಶಾ ಕೈ ಒರೆಸುತ್ತ ಹೇಳಿದಳು. "ಇದರಲ್ಲಿ ಸುತ್ತು ತೋರಿಸೋ ಮೀಟರಿನ ಮುಳ್ಳು ಸ್ವಲ್ಪ ಕೆಳಗೇ ನಿಲ್ಲುತ್ತೆ. ಏಳೂವರೆ ಸಾವಿರಕ್ಕೇ ಎಳೆಯುತ್ತೆ. ಮುಳ್ಳು ನೋಡಿ ಗಾಬರಿ ಆಗ್ಬೇಡ."

"ನೀವು ಹೇಳಿದ ಮೇಲೆ ಮುಳ್ಳು ಯಾವನು ನೋಡ್ತಾನೆ?" ಎಂದು ಡಾರ್ಸಿ ಅತ್ತೆಯ ಭುಜಕ್ಕೆ ಭುಜ ತಾಗಿಸಿ ಒಳಗೆ ಹೋದಳು.

ಲುಶಾಳಿಗೆ ಆ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದವಳೇ ತನ್ನ ಹಳೆಯ ಹಿಮಗಾಡಿಯಲ್ಲಿ ತಾನೂ ಬರುತ್ತೇನೆ ಎಂದಳು. ಡಾರ್ಸಿಗೆ ಸಂತೋಷವೋ ಸಂತೋಷ. ಹತ್ತು ವರ್ಷದಲ್ಲಿ ಅತ್ತೆ ಒಮ್ಮೆಯೂ ಬೆಟ್ಟಕ್ಕೆ ಬಂದಿರಲಿಲ್ಲ. ಜೊತೆಗೆ ಆರ್ಲೋ ಇದ್ದ. ವಿದ್ಯುತ್ ಕಂಬ ಹತ್ತುವ ಕೆಲಸದಿಂದ ನಿವೃತ್ತನಾದ ಅರವತ್ತರ ಗಟ್ಟಿ ಮನುಷ್ಯ, ಡಾರ್ಸಿ ಒಬ್ಬಳೇ ಎಂದೂ ಹೋಗದ ಹಾಗೆ ನೋಡಿಕೊಳ್ಳುವವನು.

"ಲುಶಕ್ಕ, ನಿನ್ನ ಈ ಗಾಡಿ ನನ್ನ ಮದುವೆಗಿಂತ ಹಳೇದು," ಎಂದ ಅವನು.

"ನಿನ್ನ ಮದುವೆಗಿಂತ ಚೆನ್ನಾಗೂ ಓಡುತ್ತೆ. ನಡಿ ಮುಂದೆ."

ಡಾರ್ಸಿ ನಕ್ಕಳು. ಲುಶಾಳ ಬಾಯಿ ಮಾತ್ರ ಮಾತಾಡಿತ್ತು. ಕಿವಿಯೆಲ್ಲ ಮುಂದೆ ಹೋಗುತ್ತಿದ್ದ ಸೊಸೆಯ ಗಾಡಿಯ ಸದ್ದಿನ ಮೇಲಿತ್ತು. ತಗ್ಗಿನ ದಾರಿಯಲ್ಲಿ ಆ ಸದ್ದಿನಲ್ಲಿ ದೋಷ ತಿಳಿಯುತ್ತಲೇ ಇರಲಿಲ್ಲ. ಅಂದರೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಅವಳಿಗೆ ಪ್ರತಿ ಏರಿನಲ್ಲೂ ಯಾರೋ ದಿಂಬಿನೊಳಗಿಂದ ಹಾಡಿದಂತೆ ಕೇಳುತ್ತಿತ್ತು.

ಚಿಮಣಿಯ ಎದುರು, ಕುಸಿತ ಬಂದರೂ ತಲುಪದ ದಿಬ್ಬದ ಮೇಲೆ ಅವರು ನಿಂತಾಗ ಹತ್ತು ಗಂಟೆ ಹತ್ತು ನಿಮಿಷ. ಆರ್ಲೋ ಕಾಲಿನಿಂದ ಹಿಮವನ್ನು ತುಳಿದು ನೋಡಿದ.

"ನಿನ್ನೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದೆ. ಕೆಳಗಿನ ಅರ್ಧ ಡಾಂಬರು ರಸ್ತೆ ಇದ್ದ ಹಾಗಿದೆ, ಹುಡುಗಿ. ಸೂರಿಗೆ ಬಿಸಿಲು ಬೀಳೋದು ಹನ್ನೊಂದೂಕಾಲಿಗೆ. ಅಷ್ಟರೊಳಗೆ ಹೋಗಿ ಮುಗಿಸು, ಇಲ್ಲ ಅಂದ್ರೆ ಇವತ್ತು ಬೇಡ."

ಲುಶಾ ಕೊರಕಲಿನ ಬುಡವನ್ನೇ ನೋಡಿದಳು. ಮೆತ್ತನೆ ಹಿಮ ಇರುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಗಟ್ಟಿ ಹಿಮದ ಮೇಲೆ ಗಾಡಿಗೆ ಬಲವೇ ಬೇಕಾಗಿಲ್ಲ. ಎರಡೇ ಇರಲಿ, ಒಂದೇ ಇರಲಿ, ಅದು ಓಡುತ್ತದೆ. ಮುಗ್ಗರಿಸುವುದು ಮೇಲೆ, ನೆರಳಿನಲ್ಲಿ ಹಿಮ ಮೆತ್ತಗೆ ಉಳಿದಿರುವ ಇಕ್ಕಟ್ಟಿನಲ್ಲಿ.

"ಡಾರ್ಸಿ," ಎಂದಳು.

"ಏನು ಅತ್ತೆ?" ಹೆಲ್ಮೆಟ್ಟಿನೊಳಗಿಂದ ಎರಡು ಕಣ್ಣು.

ಆಗ ಹೇಳಬಹುದಿತ್ತು. ಐದು ನಿಮಿಷದ ಕೆಲಸ, ಅಲ್ಲೇ ಸರಿ ಮಾಡಬಹುದಿತ್ತು. ಆದರೆ ಆರ್ಲೋ ನಿಂತಿದ್ದ, ಸೊಸೆ ನಗುತ್ತಿದ್ದಳು. "ಹುಷಾರು," ಎಂದಳು ಲುಶಾ, ಅಷ್ಟೇ.

ಡಾರ್ಸಿ ಹೊರಟಳು. ಗಾಡಿ ಕೆಳಗಿನ ಅರ್ಧವನ್ನು ಬಾಣದಂತೆ ದಾಟಿತು. ಆರ್ಲೋ ಶಿಳ್ಳೆ ಹಾಕಿದ. ಲುಶಾ ಉಸಿರು ಹಿಡಿದು ಸದ್ದನ್ನು ಮಾತ್ರ ಕೇಳುತ್ತಿದ್ದಳು. ಬಂಡೆಗೋಡೆಗಳು ಹತ್ತಿರವಾದ ಕಡೆ ಪಟ್ಟಿಯ ಹಿಂದೆ ಹಿಮದ ಪುಡಿ ಎದ್ದಿತು, ಮೆತ್ತನೆ ಹಿಮ ಶುರುವಾಗಿತ್ತು. ಎಂಜಿನ್ನಿನ ಸ್ವರ ಒಂದು ಮೆಟ್ಟಿಲು ಇಳಿಯಿತು. ಮತ್ತೊಂದು ಮೆಟ್ಟಿಲು ಇಳಿಯಿತು. ಗಾಡಿ ನಿಧಾನವಾಯಿತು, ಎಡಕ್ಕೆ ವಾಲಿತು, ಬಂಡೆಯೊಂದರ ಮಗ್ಗುಲಿಗೆ ಹೋಗಿ ನಿಂತುಬಿಟ್ಟಿತು.

ಅವಳು ನಿಂತದ್ದು ಒಂದು ಮಂಚದಷ್ಟು ಅಗಲದ ಹಿಮದ ಜಗಲಿಯ ಮೇಲೆ. ಬಲಗಡೆ ಜಾರು, ಎಡಗಡೆ ಬಂಡೆ. ತಿರುಗಿಸಲು ಹೋದರೆ ಗಾಡಿ ಅವಳನ್ನೂ ಎಳೆದುಕೊಂಡು ಉರುಳುತ್ತದೆ. ಮೇಲೆ ತುದಿಗೆ ಇನ್ನು ಅರವತ್ತು ಎಪ್ಪತ್ತು ಮಾರು. ನೇರ ತಲೆಯ ಮೇಲೆ ಆ ಸೂರು.

ರೇಡಿಯೋ ಕರಕರ ಎಂದಿತು. "ಆರ್ಲೋ ಮಾಮ, ನಾನು ಚೆನ್ನಾಗಿದೀನಿ. ಗಾಡಿ ನಿಂತುಹೋಯ್ತು."

"ನೋಡಿದೆ. ಗಾಡಿ ಬಿಟ್ಟು ನಡ್ಕೊಂಡು ಇಳೀತೀಯಾ?"

"ಸೊಂಟದವರೆಗೂ ಹೂತುಹೋಗ್ತಿದೆ ಇಲ್ಲಿ. ಗಟ್ಟಿ ಜಾಗ ಸಿಗೋಕೆ ಮುಕ್ಕಾಲು ಗಂಟೆ ಬೇಕು."

ಆರ್ಲೋ ಗಡಿಯಾರ ನೋಡಿದ. ಹತ್ತೂವರೆ ದಾಟಿತ್ತು. ಮುಕ್ಕಾಲು ಗಂಟೆ ಎಂದರೆ ಬಿಸಿಲು ಬೀಳುವ ಹೊತ್ತಿಗೆ ಅವಳು ಸೂರಿನ ಕೆಳಗೇ ಇರುತ್ತಾಳೆ.

"ಅತ್ತೆ ಇದಾರಾ? ಅತ್ತೆ, ಕೇಳಿಸ್ತಿದ್ಯಾ? ಏಳು ಸಾವಿರದ ನಾನೂರು ದಾಟ್ತಾನೇ ಇಲ್ಲ. ಕತ್ತು ಹಿಸುಕಿದ ಹಾಗೆ ಆಗ್ತಿದೆ. ಆ ಹೊಸ ಸ್ಪ್ರಿಂಗ್ ಮುರಿದಿರಬಹುದಾ?"

ಲುಶಾ ರೇಡಿಯೋ ಕೈಗೆ ತೆಗೆದುಕೊಂಡಳು. ಹೌದು, ಮುರಿದಿರಬೇಕು ಎಂದರೆ ಮುಗಿಯಿತು. ಯಾರಿಗೂ ಎಂದೂ ತಿಳಿಯುವುದಿಲ್ಲ. ಸೊಸೆ ಗಾಡಿ ಬಿಟ್ಟು ನಡೆದು ಇಳಿಯುತ್ತಾಳೆ, ಮುಕ್ಕಾಲು ಗಂಟೆ, ಆ ಸೂರಿನ ಕೆಳಗೆ. ಅವಳ ಬೆರಳು ಗುಂಡಿಯ ಮೇಲಿತ್ತು, ಒತ್ತಿರಲಿಲ್ಲ.

"ಲುಶಕ್ಕ," ಎಂದ ಆರ್ಲೋ. "ಹುಡುಗಿ ಕೇಳ್ತಿದಾಳೆ."

ಅವಳು ಗುಂಡಿ ಒತ್ತಿದಳು. "ಸ್ಪ್ರಿಂಗ್ ಮುರಿದಿಲ್ಲ ಕಣೇ. ಸ್ಪ್ರಿಂಗ್ ಬದಲಾಯಿಸೇ ಇಲ್ಲ. ನಾನು ತಿರುಗಣೆ ಇಳಿಸಿದ್ದೀನಿ. ನಾಲ್ಕರಿಂದ ಎರಡಕ್ಕೆ. ಮೂರನ್ನೂ."

ಆರ್ಲೋ ತಿರುಗಿ ಅವಳನ್ನೇ ನೋಡಿದ. ಕಂಬದ ತುದಿಯಲ್ಲಿ ಕರೆಂಟಿರುವ ತಂತಿ ಕೈಗೆ ಕೊಟ್ಟವನನ್ನು ನೋಡುವ ಹಾಗೆ ನೋಡಿದ.

"ಬೇಕು ಅಂತ ಮಾಡಿದ್ರಾ?" ರೇಡಿಯೋದಲ್ಲಿ ಡಾರ್ಸಿ.

"ಬೇಕು ಅಂತ."

"ಯಾಕೆ?"

"ಕೆಳಗೆ ಬಂದ ಮೇಲೆ ಎಷ್ಟು ಬೇಕಾದ್ರೂ ಬೈ. ಈಗ ಎಂಜಿನ್ ಆಫ್ ಮಾಡಿ ಪಕ್ಕೆ ತೆಗಿ. ಹತ್ತನೇ ನಂಬರ್ ಸ್ಪ್ಯಾನರ್ ನಿನ್ನ ಚೀಲದಲ್ಲಿದೆ, ಚಪ್ಪಟೆ ಸ್ಕ್ರೂಡ್ರೈವರ್ ಸೀಟಿನ ಕೆಳಗೆ. ಬೆಲ್ಟ್ ಮುಟ್ಟಿ ನೋಡು."

ದೂರದಲ್ಲಿ, ಬಿಳಿಯ ಮೇಲೆ ಕಿತ್ತಳೆ ಬಣ್ಣದ ಒಂದು ಚುಕ್ಕೆ, ಡಾರ್ಸಿಯ ಜಾಕೆಟ್ಟು, ಬಗ್ಗಿತು. ಸೊಸೆ ತಾನು ಹೇಳಿದ್ದನ್ನು ಮಾಡುತ್ತಾಳೋ, ಸಿಟ್ಟಿನಲ್ಲಿ ನಡೆದೇಬಿಡುತ್ತಾಳೋ ಲುಶಾಳಿಗೆ ತಿಳಿಯಲಿಲ್ಲ.

"ಬೆಲ್ಟ್ ಮುಟ್ಟೋಕಾಗಲ್ಲ. ಸುಡುತ್ತೆ." ಸ್ವರದಲ್ಲಿ ಏನೂ ಇರಲಿಲ್ಲ.

"ಹಿಮ ಹಾಕ್ಬೇಡ. ಒದ್ದೆ ಆದ್ರೆ ಜಾರುತ್ತೆ. ಪಕ್ಕೆ ತೆಗೆದೇ ಇರ್ಲಿ, ಗಾಳಿಗೆ ಆರ್ಲಿ. ಅಷ್ಟರಲ್ಲಿ ನಟ್ ಸಡಿಲ ಮಾಡು, ಪೂರ್ತಿ ಬಿಚ್ಚಬೇಡ. ಸ್ಕ್ರೂಡ್ರೈವರಿಂದ ಒಳಗೆ ಒತ್ತಿ ತಿರುಗಿಸು. ಒಂದಾದ ಮೇಲೆ ರಾಟೆ ಕೈಯಲ್ಲಿ ಹೊರಳಿಸಿ ಮುಂದಿಂದು."

"ಎಷ್ಟಕ್ಕೆ? ನಾಲ್ಕಕ್ಕಾ?"

ಲುಶಾ ಕಣ್ಣು ಮುಚ್ಚಿದಳು. ನಾಲ್ಕು ಎಂಬುದು ಮನೆ ಹಿಂದಿನ ಏರಿನ ಅಂಕಿ. ಅಲ್ಲಿ ಗಾಡಿ ಓಡುತ್ತ ಬಂದು ಏರುತ್ತಿತ್ತು. ಇಲ್ಲಿ ನಿಂತಲ್ಲಿಂದ ಎದ್ದು, ಸೊಂಟದಷ್ಟು ಆಳದ ಹಿಮದಲ್ಲಿ, ಗೋಡೆಯಂಥ ಇಳಿಜಾರನ್ನು ಹತ್ತಬೇಕು. ನಾಲ್ಕರಲ್ಲಿ ಮೊದಲ ಹತ್ತು ಮಾರಿಗೇ ಸುತ್ತು ಬೀಳಬಹುದು. ಬಿದ್ದರೆ ಹಿಂದಕ್ಕೆ ಜಾರುವುದೇ. ಐದಕ್ಕೆ ಹಾಕಿದರೆ ಎಂಜಿನ್ ಅತಿಯಾಗಿ ಕಿರುಚಿ ಬೆಲ್ಟು ಕೆನ್ನೆಯ ಮೇಲೆ ಜಾರಬಹುದು, ಆಗಲೇ ಸುಟ್ಟಿರುವ ಬೆಲ್ಟು. ಐದನ್ನು ಅವರು ಒಂದು ಸಲವೂ ಓಡಿಸಿ ನೋಡಿರಲಿಲ್ಲ.

"ಐದು," ಎಂದಳು.

"ಐದು ಯಾವತ್ತೂ ಹಾಕಿಲ್ಲ ನಾವು."

"ಗೊತ್ತು. ನಿಂತಲ್ಲಿಂದ ಏಳ್ಬೇಕು ಅದು. ಐದು."

"ಈಗ ನಿಮ್ಮ ಮಾತು ನಂಬ್ಲಾ ಅತ್ತೆ?"

ಪಕ್ಕದಲ್ಲಿ ಆರ್ಲೋ ಕೂಡ ಮುಖ ತಿರುಗಿಸಿಕೊಂಡ.

"ನನ್ನ ನಂಬ್ಬೇಡ," ಎಂದಳು ಲುಶಾ. "ಆದ್ರೆ ಐದಕ್ಕೆ ಹಾಕು."

ಒಂದನೆಯದು ತಿರುಗಿತು. ಎರಡನೆಯದೂ ತಿರುಗಿತು. ಮೂರನೆಯದರ ಹತ್ತಿರ ಡಾರ್ಸಿ ನಿಂತಳು. "ಅಂಕಿ ಕಾಣ್ತಿಲ್ಲ. ಬೆಲ್ಟಿನ ಕರಿ ಪುಡಿ ಮೆತ್ತಿದೆ."

"ಎಂಜಲು ಹಚ್ಚಿ ಒರೆಸು. ಮೂರೂ ಒಂದೇ ಅಂಕಿ ಇರ್ಬೇಕು. ಒಂದು ಆಚೀಚೆ ಆದ್ರೂ ರಾಟೆ ನಡುಗುತ್ತೆ."

"ಒರೆಸಿದೆ. ಐದೋ ಆರೋ... ತಡೀರಿ." ಲುಶಾ ಕಾದಳು. ಒಂದು ನಿಮಿಷ ಆಯಿತು. "ಐದು. ಮೂರೂ ಐದು. ನಟ್ ಬಿಗಿ ಮಾಡಿದೆ."

"ಈಗ ಬೆಲ್ಟು?"

"ಇನ್ನೂ ಬಿಸಿ."

"ಹತ್ತು ನಿಮಿಷ ಬಿಡು. ಸಲಿಕೆ ತೆಗೆದು ಗಾಡಿ ಮುಂದೆ ಹಿಮ ತುಳಿದು ದಾರಿ ಮಾಡ್ಕೋ, ಎರಡು ಗಾಡಿ ಉದ್ದ. ಮೊದಲ ಕಚ್ಚು ಗಟ್ಟಿ ಸಿಗ್ಬೇಕು."

ಹನ್ನೊಂದಾಗುವುದಕ್ಕೆ ಆರು ನಿಮಿಷವಿತ್ತು. ಡಾರ್ಸಿ ಹಿಮ ಕಡಿದು ತುಳಿಯುವುದು ಕೆಳಗಿನಿಂದ ಇರುವೆಯ ಕೆಲಸದಂತೆ ಕಾಣುತ್ತಿತ್ತು. ಬಿಸಿಲಿನ ಗೆರೆ ಎಡಗಡೆಯ ಬಂಡೆಯ ಮೇಲೆ ಇಳಿಯುತ್ತಿತ್ತು. ನೋಡಿದರೆ ನಿಂತಂತೆ, ಕಣ್ಣು ತೆಗೆದು ಮತ್ತೆ ನೋಡಿದರೆ ಒಂದು ಮಾರು ಕೆಳಗೆ. ಲುಶಾ ಲೆಕ್ಕ ಹಾಕದೆ ಇರಲು ನೋಡಿದಳು, ಆಗಲಿಲ್ಲ. ಚಿಕ್ಕಂದಿನಲ್ಲಿ ತಮ್ಮ ಪಂಥದ ಪ್ರಾರ್ಥನಾ ಮನೆಯಲ್ಲಿ ರೊಟ್ಟಿ, ಉಪ್ಪು, ನೀರು ಇಟ್ಟ ಮೇಜಿನ ಮುಂದೆ ಹೆಂಗಸರ ಸಾಲಿನಲ್ಲಿ ನಿಂತು ಕಲಿತ ಕೀರ್ತನೆಯನ್ನು ಹೇಳಿಕೊಳ್ಳಲು ನೋಡಿದಳು. ಎರಡನೆಯ ಸಾಲಿಗೆ ಮರೆಯಿತು.

ಸೂರಿನ ಅಂಚಿನಿಂದ ಹಿಡಿಯಷ್ಟು ದೊಡ್ಡ ಉಂಡೆಯೊಂದು ಕಳಚಿ ಉರುಳಿಕೊಂಡು ಬಂತು. ಡಾರ್ಸಿಯನ್ನು ದಾಟಿ ಹೋಯಿತು. ಮತ್ತೊಂದು ಬಂತು.

"ಬಿಸಿ ತಾಗ್ತಿದೆ," ಎಂದ ಆರ್ಲೋ ಮೆಲ್ಲಗೆ, ಮತ್ತೆ ರೇಡಿಯೋದಲ್ಲಿ ಜೋರಾಗಿ, "ಹುಡುಗಿ, ಬೆಲ್ಟ್ ಹೆಂಗಿದೆ?"

"ಬೆಚ್ಚಗಿದೆ. ಕೈ ಇಡಬಹುದು."

ಆರ್ಲೋ ಲುಶಾಳನ್ನು ನೋಡಿದ. ಇನ್ನೂ ಐದು ನಿಮಿಷ ಬಿಟ್ಟರೆ ಬೆಲ್ಟಿಗೆ ಒಳ್ಳೆಯದು. ಐದು ನಿಮಿಷ ಬಿಡಲು ಅವಳಿಗೆ ಧೈರ್ಯವಿರಲಿಲ್ಲ.

"ಹೊರಡು," ಎಂದಳು. "ಒಮ್ಮೆಲೇ ಪೂರ್ತಿ ಕೊಡು. ಅರ್ಧಂಬರ್ಧ ಕೊಟ್ರೆ ಬೆಲ್ಟ್ ಉರಿಯುತ್ತೆ. ಮೇಲೆ ಹೋಗೋವರೆಗೂ ಬಿಡ್ಬೇಡ."

ಎಂಜಿನ್ ಶುರುವಾಯಿತು. ಒಂದು ಕ್ಷಣ ತಗ್ಗು ದನಿಯಲ್ಲಿ ಗುಡುಗಿ, ಒಮ್ಮೆಲೇ ಮೇಲಕ್ಕೆ ಹಾರಿತು ಸ್ವರ. ಎಂಟು ಸಾವಿರ. ಎಂಟು ಸಾವಿರದ ಇನ್ನೂರು, ಇನ್ನೂ ಮೇಲೆ. ಅತಿಯಾಯಿತು, ಜಾರುತ್ತದೆ ಎಂದುಕೊಳ್ಳುವಷ್ಟರಲ್ಲಿ ಪಟ್ಟಿ ಹಿಮವನ್ನು ಕಚ್ಚಿತು, ಸ್ವರ ಕೂತಿತು. ಕಿತ್ತಳೆ ಚುಕ್ಕೆ ಜಗಲಿಯಿಂದ ಎದ್ದು, ಬಿಳಿ ಪುಡಿಯ ಬಾಲ ಎಳೆದುಕೊಂಡು ಮೇಲೆ ಹೋಯಿತು. ಬಂಡೆಯೊಂದು ಮರೆಯಾಗಿಸಿತು. ಈಗ ಸದ್ದು ಮಾತ್ರ. ಲುಶಾ ಆ ಸದ್ದನ್ನು ಎರಡೂ ಕೈಯಿಂದ ಹಿಡಿದವಳಂತೆ ನಿಂತಿದ್ದಳು.

ಸದ್ದು ತಟ್ಟನೆ ನಿಂತುಹೋಯಿತು.

ತುದಿ ದಾಟಿ ಆಚೆ ಇಳಿದರೂ ಸದ್ದು ನಿಲ್ಲುತ್ತದೆ. ಬೆಲ್ಟು ಹರಿದರೂ ನಿಲ್ಲುತ್ತದೆ. ಆರ್ಲೋ ಎರಡು ಸಲ ಕರೆದ. ಉತ್ತರವಿಲ್ಲ. ಲುಶಾ ಹಿಮದ ಮೇಲೆ ಕೂತುಬಿಟ್ಟಳು.

"ಆರ್ಲೋ ಮಾಮ." ಏದುಸಿರು. "ಮೇಲಿದೀನಿ. ಹಿಂದಿನ ದಾರಿಯಲ್ಲಿ ಸುತ್ತು ಹಾಕಿ ಇಳೀತೀನಿ. ನೀವು ಮನೆಗೆ ಹೋಗಿ."

ಅತ್ತೆಯ ಹೆಸರು ಅದರಲ್ಲಿ ಬರಲಿಲ್ಲ. ಆರ್ಲೋ ಲುಶಾಳ ತೋಳು ಹಿಡಿದು ಎಬ್ಬಿಸಿದ. ಆ ಸೂರು ಆ ದಿನ ಬೀಳಲಿಲ್ಲ. ಯಾವಾಗ ಬಿತ್ತೋ ಯಾರೂ ನೋಡಲಿಲ್ಲ.

ಡಾರ್ಸಿ ಮನೆಗೆ ಬಂದಾಗ ಮಧ್ಯಾಹ್ನ ಮೂರಾಗಿತ್ತು. ಮಿಕಿಟ ಕೆಲಸ ಮುಗಿಸಿ ಬಂದು ಅಡುಗೆಮನೆಯಲ್ಲಿ ತಾಯಿಯ ಎದುರು ಕೂತಿದ್ದ. ಲುಶಾ ಅವನಿಗೆ ನಡೆದದ್ದನ್ನೆಲ್ಲ ಹೇಳಿದ್ದಳು. ಒಲೆಯ ಮೇಲೆ ಎಲೆಕೋಸಿನ ಬೋರ್ಷ್ ಸಾರು ಕುದಿದು ಕುದಿದು ಬತ್ತುತ್ತಿತ್ತು, ಯಾರೂ ಇಳಿಸಿರಲಿಲ್ಲ. ಡಾರ್ಸಿ ಬೂಟು ಕಳಚಿ ಬಂದು ಒಲೆ ಆರಿಸಿದಳು. ಬಲಗೈಯ ಎರಡು ಬೆರಳ ತುದಿ ರಾಟೆಗೆ ತಾಗಿ ಬೊಬ್ಬೆ ಎದ್ದಿತ್ತು.

"ತೋರಿಸು ಇಲ್ಲಿ," ಎಂದು ಲುಶಾ ಎದ್ದಳು.

"ಬೇಡ." ಡಾರ್ಸಿ ನಲ್ಲಿಯ ಕೆಳಗೆ ಕೈ ಹಿಡಿದಳು. ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು. "ಬೇಡ ಹೋಗ್ಬೇಡ ಅಂತ ಅಂದಿದ್ರೆ ನಾನು ಕೇಳ್ತಿರ್ಲಿಲ್ಲ ಅತ್ತೆ. ಜಗಳ ಆಡ್ಕೊಂಡೇ ಹೋಗ್ತಿದ್ದೆ. ಆದ್ರೆ ನನ್ನ ಕೆಳಗೆ ಯಾವ ಗಾಡಿ ಇದೆ ಅಂತ ಗೊತ್ತಿದ್ದು ಹೋಗ್ತಿದ್ದೆ."

"ಕೆಳಗೇ ನಿಂತುಬಿಡ್ತೀಯ ಅಂದ್ಕೊಂಡೆ."

"ನೀವು ಅಂದ್ಕೊಂಡ್ರಿ. ಮುಳ್ಳು ಕೆಳಗಿದ್ದಾಗ ನಾನು ತಿರುಗಿಸ್ಬೇಕಿತ್ತು, ಜಾಗ ಇತ್ತು. ಅತ್ತೆ ಹೇಳಿದಾರಲ್ಲ, ಎಳೆಯುತ್ತೆ ಅಂತ ಮುಂದೆ ಹೋದೆ."

ಮಗನ ಹೆಸರು ತೆಗೆಯಬಾರದು ಎಂದು ಲುಶಾ ದಾರಿಯಲ್ಲೇ ತೀರ್ಮಾನಿಸಿಕೊಂಡಿದ್ದಳು. ಆದರೆ ಮಿಕಿಟನೇ ಬಾಯಿಬಿಟ್ಟ.

"ನಾನು ಹೇಳಿದ್ದು. ಅಮ್ಮನಿಗೆ ನಾನೇ ಹೇಳಿದ್ದು."

"ಏನಂತ?"

"ನಿನ್ನ ಕೈಯಲ್ಲಿದೆ ಅಂತ."

ಡಾರ್ಸಿ ಈಗ ತಿರುಗಿದಳು. ಮುಖ ಹಿಮದಷ್ಟು ಬಿಳುಪಾಗಿತ್ತು. "ಹೋದ ವರ್ಷ ಆ ಮನುಷ್ಯನ್ನ ಅಗೆದು ತೆಗೆದ ದಿನದಿಂದ ನೀನು ನನ್ನ ಹತ್ರ ಒಂದು ಸಲ, ಒಂದೇ ಒಂದು ಸಲ, ನನಗೆ ಹೆದರಿಕೆ ಆಗುತ್ತೆ ಅಂತ ಅಂದಿದ್ಯಾ? ಎಲ್ಲಾ ಅಮ್ಮನ ಹತ್ರ. ನೀನು ಅಮ್ಮನಿಗೆ ಹೇಳ್ತೀಯ, ಅಮ್ಮ ಕ್ಲಚ್ಚಿಗೆ ಹೇಳ್ತಾರೆ. ನನಗೆ ಯಾರೂ ಏನೂ ಹೇಳಲ್ಲ."

ಮಿಕಿಟ ಅಳುತ್ತಿದ್ದ. ಅವಳು ಅವನ ತಲೆಯ ಮೇಲೆ ಕೈ ಇಡಲಿಲ್ಲ, ಹೊರಗೂ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಒದ್ದೆ ಬಟ್ಟೆ ಕೈಗೆ ಸುತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, "ಈಗ ಹೇಳು," ಎಂದಳು ಗಂಡನಿಗೆ. ಲುಶಾ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಡಾರ್ಸಿ ಗಾಡಿಯನ್ನು ಟ್ರೈಲರಿಗೆ ಏರಿಸಿ ಪಟ್ಟಣದ ರಿಪೇರಿ ಅಂಗಡಿಯೊಂದಕ್ಕೆ ಕೊಂಡೊಯ್ದಳು. ಚಿಮಣಿ ಹತ್ತಿದ ಮೂರನೆಯವಳು ಎಂದು ಊರೆಲ್ಲ ಮಾತಾಯಿತು. ಮಾತು ಬಂದಾಗ ಅವಳು ಬೇರೆ ಕಡೆ ನೋಡುತ್ತಿದ್ದಳು. ಆರ್ಲೋ ನಡೆದದ್ದನ್ನು ಯಾರಿಗೂ ಹೇಳಲಿಲ್ಲ. ಆದರೆ ಅಂದು ರೇಡಿಯೋ ಕೇಳಿಸಿಕೊಂಡವರು ಬೆಟ್ಟದಲ್ಲಿ ಬೇರೆಯವರೂ ಇದ್ದರು. ಲುಶಾಳ ಶೆಡ್ಡಿನ ಮುಂದೆ ಟ್ರೈಲರುಗಳು ಕಡಿಮೆಯಾದವು. ಅದು ನ್ಯಾಯವೇ ಎಂದು ಅವಳಿಗೆ ಅನ್ನಿಸಿತು. ಅತ್ತೆ ಸೊಸೆ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು, ಉಪ್ಪು ಕೊಡಿ, ಬಾಗಿಲು ಹಾಕು ಎನ್ನುವಷ್ಟು ಮಾತಾಡುತ್ತಿದ್ದರು. ಬೇಸಿಗೆ ಹಾಗೇ ಹೋಯಿತು.

ಡಿಸೆಂಬರಿನಲ್ಲಿ 'ಹಿಮ ಬಿತ್ತು' ಎಂದು ಮಿಕಿಟ ಕೂಗಿದ ದಿನ ಡಾರ್ಸಿ ಶೆಡ್ಡಿಗೆ ಬಂದಳು. ಲುಶಾ ಯಾರದೋ ಹಳೆಯ ರಾಟೆಯನ್ನು ಉಜ್ಜುತ್ತಿದ್ದಳು.

"ಪಟ್ಟಣದವರು ಕ್ಲಚ್ಚನ್ನ ಕೆಡಿಸಿ ಕುಲಗೆಡಿಸಿದಾರೆ," ಎಂದಳು ಡಾರ್ಸಿ. "ಎರಡು ಬೆಲ್ಟ್ ತಿಂದಿತು."

ಲುಶಾ ಉಜ್ಜುವುದನ್ನು ನಿಲ್ಲಿಸಿದಳು, ಏಳಲಿಲ್ಲ.

"ನಿಮ್ಮ ಕೈ ಬೇಡ ನನಗೆ," ಎಂದಳು ಸೊಸೆ. "ಬಾಯಿ ಮಾತ್ರ. ನೀವು ಕೂತು ಹೇಳಿ, ನಾನು ಮಾಡ್ತೀನಿ. ಪ್ರತಿಯೊಂದೂ. ಯಾಕೆ, ಏನು ಅಂತ ಹೇಳ್ಬೇಕು. ಕಲಿತ ಮೇಲೆ ನಾನೇ."

"ನನಗೆ ಹೆದರಿಕೆ ಆದ್ರೆ?"

"ಆಗ ಅದನ್ನೂ ಬಾಯಲ್ಲೇ ಹೇಳಿ."

ಡಾರ್ಸಿ ಗಾಡಿಯ ಪಕ್ಕೆ ಬಿಚ್ಚಿ ಕೆಳಗಿಟ್ಟಳು. ಲುಶಾ ಮುಕ್ಕಾಲಿಯನ್ನು ಹತ್ತಿರ ಎಳೆದುಕೊಂಡು ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, "ಮೊದಲು ಬೆಲ್ಟ್ ತೆಗಿ," ಎಂದಳು.